ತೊಟ್ಟಿಯ ಎರಡು ಮೂಲೆ

ಹೌದು, ನನಗೆ ಹೊಟ್ಟೆಕಿಚ್ಚು. ಮುಚ್ಚುಮರೆ ಏನು ಬಂತು? ಪ್ಲಾಸ್ಟಿಕ್ ಹಾಳೆಗಳನ್ನು ಬಿಸಿಗಾಳಿಯಲ್ಲಿ ಬೆಸೆದು ತೊಟ್ಟಿ ಮಾಡುವ ಕೆಲಸವನ್ನು ಮನೆಯ ಹಿಂದಿನ ಕೋಣೆಯಲ್ಲಿ ಶುರು ಮಾಡಿದವರು ನಾನು ಮತ್ತು ನನ್ನ ಮಗ. ಅವನು ಹಾಳೆ ಕತ್ತರಿಸುತ್ತಿದ್ದ, ನಾನು ಬಿಸಿಗಾಳಿಯ ಗನ್ ಹಿಡಿಯುತ್ತಿದ್ದೆ. ಈಗ ನಿನ್ನೆ ಮೊನ್ನೆ ಬಂದ ಸೊಸೆ ಗನ್ ಹಿಡಿದರೆ ಮಗರಾಯ ಪಕ್ಕದಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾನೆ.

"ನೋಡಮ್ಮ, ಎಷ್ಟು ನೀಟಾಗಿ ಮಾಡಿದಾಳೆ!"

ಕಲಿಸಿದ್ದು ನಾನಪ್ಪಾ, ನಾನು! ಅಂಚನ್ನು ಬ್ಲೇಡಿನಿಂದ ಕೆರೆದು ಹೊಳಪು ತೆಗೆಯಬೇಕು, ಸಂದಿಗೆ ಕರಗಿಸಿ ಕೂರಿಸುವ ಪ್ಲಾಸ್ಟಿಕ್ ಕಡ್ಡಿಯೂ ಹಾಳೆಯೂ ಒಟ್ಟಿಗೇ ಮೆತ್ತಗಾಗಬೇಕು, ಆತುರಪಟ್ಟರೆ ಮೇಲೆ ಅಂಟಿದಂತೆ ಕಂಡರೂ ಒಳಗೆ ಹಿಡಿದಿರುವುದಿಲ್ಲ ಎಂದು ಹೇಳಿಕೊಟ್ಟವಳು ಯಾರು?

ಇವತ್ತು ಬೆಳಿಗ್ಗೆ ಮಗ ಮೆಲ್ಲಗೆ, "ಅಮ್ಮಾ, ಇನ್ಮೇಲೆ ನೀನು ಕಡ್ಡಿ ಕತ್ತರಿಸಿಕೊಟ್ರೆ ಸಾಕು. ಗನ್ ಅವಳೇ ಹಿಡೀಲಿ" ಅಂದ. ಮೈಯೆಲ್ಲ ಉರಿದುಹೋಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ನನ್ನ ಕಾಲ ಇನ್ನೂ ಮುಗಿದಿರಲಿಲ್ಲ.

"ಈ ತೊಟ್ಟೀಲಿ ಒಂದು ಮೂಲೆ ಅವಳು ಬೆಸೀಲಿ, ಇನ್ನೊಂದು ನಾನು. ಆರಿದ ಮೇಲೆ ನೀನೇ ಇಕ್ಕಳ ಹಾಕಿ ಎಳಿ. ಯಾರದು ಕಿತ್ತು ಬರುತ್ತೋ ಅವರು ಮತ್ತೆ ಗನ್ ಮುಟ್ಟಬಾರದು, ಆಯ್ತಾ?"

"ಇದೆಲ್ಲ ಯಾಕೆ ಅತ್ತೆ?" ಎಂದಳು ಸೊಸೆ. ಅವಳ ಆ ಮೆತ್ತನೆಯ ದನಿಯೇ ನನಗೆ ಆಗಿಬರುವುದಿಲ್ಲ.

ಯಾವುದು ಯಾರದೆಂದು ತಿಳಿಯಬಾರದೆಂದು ಮಗನನ್ನು ಹೊರಗೆ ಕಳಿಸಿದೆ. ಸೊಸೆ ಮೊದಲು ಬೆಸೆದಳು. ಎಲ್ಲೂ ಸುಟ್ಟಿಲ್ಲ, ಎಲ್ಲೂ ಗಂಟಿಲ್ಲ. ಆಮೇಲೆ ನನ್ನ ಸರದಿ. ಕೈ ನನ್ನ ಮೂಲೆಯ ಮೇಲೆ, ಕಣ್ಣು ಅವಳ ಮೂಲೆಯ ಮೇಲೆ. ಅವಳಿಗಿಂತ ಬೇಗ ಮುಗಿಸಿ ಬೀಗಿದೆ. ನೋಡಲಿಕ್ಕೆ ಎರಡೂ ಒಂದೇ ಥರ ಇದ್ದವು.

ಮಗ ಬಂದು ಎಡಗಡೆಯ ಕಡ್ಡಿಯ ತುದಿಗೆ ಇಕ್ಕಳ ಹಾಕಿ ಎಳೆದ. ಹಾಳೆ ಬಾಗಿತೇ ಹೊರತು ಬೆಸುಗೆ ಅಲ್ಲಾಡಲಿಲ್ಲ. ಬಲಗಡೆಯದನ್ನು ಎಳೆದ. ಬಾಳೆಹಣ್ಣಿನ ಸಿಪ್ಪೆಯಂತೆ ಉದ್ದಕ್ಕೂ ಸುಲಿದು ಬಂತು.

"ಇದು ಯಾರದು?"

ಅದು ನನ್ನ ಮೂಲೆ. ಬಗ್ಗಿ ನೆಲದ ಮೇಲಿನ ಕಡ್ಡಿಯ ಚೂರುಗಳನ್ನು ಆಯತೊಡಗಿದೆ.

"ನಂದು ಕಣ್ರೀ" ಎಂದಳು ಸೊಸೆ. "ಆತುರ ಮಾಡಿಬಿಟ್ಟೆ."

"ಗೆದ್ದೆ ಬಿಡಮ್ಮಾ! ಹಳೇ ಕೈ ಹಳೇ ಕೈನೇ" ಎಂದು ಮಗ ನಕ್ಕ. ಎಷ್ಟು ದಿನದಿಂದ ಕಾದಿದ್ದ ಮಾತು! ಬಾಯಿ ಮುಚ್ಚಿಕೊಂಡಿದ್ದರೆ ಗನ್ ನನ್ನದೇ ಆಗುತ್ತಿತ್ತು. ಅಷ್ಟರಲ್ಲಿ ಅವನು ಹೆಂಡತಿಯ ಬೆನ್ನು ಸವರಿ, "ಹೋಗ್ಲಿ ಬಿಡೇ, ಬೇಜಾರು ಮಾಡ್ಕೋಬೇಡ" ಎಂದ. ಅಯ್ಯೋ, ಸೋತರೂ ಅವಳಿಗೇ! ನನ್ನ ಬೆನ್ನನ್ನು ಅವನು ಹಾಗೆ ಸವರಿ ಎಷ್ಟು ಕಾಲವಾಯಿತು!

"ಅದು ಅವಳದಲ್ಲ! ಕಿತ್ತು ಬಂದಿದ್ದು ನಂದು, ನಂದೇ!" ಎಂದು ಕೂಗಿ ತಲೆ ತಗ್ಗಿಸಿದೆ.

ಬೆನ್ನ ಮೇಲೆ ಒಂದು ಕೈ ಬಂತು, ಮೆಲ್ಲಗೆ ಸವರಿತು. ಮಗನದಿರಬೇಕೆಂದು ತಲೆಯೆತ್ತಿದೆ. ಅವನು ಆಚೆ ನಿಂತು, ಬಾಯಿ ಬಿಟ್ಟುಕೊಂಡು ಹೆಂಡತಿಯನ್ನೇ ನೋಡುತ್ತಿದ್ದ.

ಕೈ ಅವಳದು.