ಪಾಸ್ಟರ್ ಉದಯಕುಮಾರರ ವಿಧೇಯತೆ

ಹಳಿಯಾಳ ತಾಲೂಕಿನ ಸಾಂಬ್ರಾಣಿ ಊರಿನ ಹತ್ತಿರದ ಕೇರಿಯೊಂದರಲ್ಲಿ ತಗಡಿನ ಪ್ರಾರ್ಥನಾಲಯವಿತ್ತು. ಅದರ ಪಾಸ್ಟರ್ ಉದಯಕುಮಾರರಿಗೆ ದೇವರ ವಾಕ್ಯಕ್ಕಿಂತ ತಮ್ಮ ದನಿಯ ಮೇಲೇ ಪ್ರೀತಿ ಹೆಚ್ಚು. ಬೆರಳೆಣಿಕೆಯ ಮನೆಗಳ ಸಭೆಗೆ ಮದುವೆಮಂಟಪಕ್ಕೆ ಸಾಲುವಷ್ಟು ದೊಡ್ಡ ಸ್ಪೀಕರ್ ಹಚ್ಚಿಸಿದ್ದರು.

ಆ ಸಭೆಯ ಈಶಪ್ಪ ಕಾಡಿನಂಚಿನಲ್ಲಿ ಒಣಕಟ್ಟಿಗೆ ಆರಿಸುತ್ತಿದ್ದಾಗ ಫಾರೆಸ್ಟ್ ಗಾರ್ಡ್ ಒಬ್ಬ ಲಾಠಿಯಿಂದ ಹೊಡೆದು ಅವನ ಎಡಗೈ ಮುರಿದ. ಹಳಿಯಾಳದಲ್ಲಿ ಪ್ಲಾಸ್ಟರ್ ಹಾಕಿಸಿ, ಹೆಂಡತಿ ತಾಯವ್ವ ಅವನನ್ನು ನೇರ ಪಾಸ್ಟರ್ ಮನೆಗೆ ಕರೆತಂದಳು. "ಕಂಪ್ಲೇಂಟ್ ಕೊಡ್ಬೇಕ್ರಿ, ಸ್ಟೇಷನ್ನಿಗೆ ನಮ್ಮ ಜೋಡಿ ಬರ್ರಿ."

"ಶಾಂತ ಆಗವ್ವಾ," ಎಂದರು ಪಾಸ್ಟರ್. "ಅಧಿಕಾರ ಅನ್ನೂದು ದೇವರು ಇಟ್ಟದ್ದು. ಎದುರು ನಿಂತ್ರ ದೇವರಿಗೇ ಎದುರು ನಿಂತಂಗ. ಒಂದು ಕೆನ್ನಿಗೆ ಹೊಡದ್ರ ಇನ್ನೊಂದು ತೋರಸ್ಬೇಕು."

"ಹೊಡದದ್ದು ಕೈಗ್ರಿ. ಇನ್ನೊಂದು ಕೈ ತೋರಸ್ಬೇಕೇನು?"

ಪಾಸ್ಟರ್ ನಕ್ಕು ಚಹಾ ಕುಡಿಸಿ ಕಳಿಸಿದರು. ಆ ಗಾರ್ಡನ ಮೇಲಧಿಕಾರಿ ಸಾಹೇಬರೇ ಕ್ರಿಸ್‌ಮಸ್ ಕಾರ್ಯಕ್ರಮದ ಮುಖ್ಯ ಅತಿಥಿ ಎಂಬುದನ್ನು ಮಾತ್ರ ಹೇಳಲಿಲ್ಲ. ಭಾನುವಾರ ಅವರ ಇಡೀ ಪ್ರವಚನ ವಿಧೇಯತೆಯ ಮೇಲೆ. ನಿಜವಾದ ಭಕ್ತನಾದ ಈಶಪ್ಪ ತಲೆ ಬಗ್ಗಿಸಿ ಕೇಳಿದ.

"ಶಿಲುಬಿ ಹೊತ್ತ ಸ್ವಾಮಿ ಸುಮ್ಮ ತಾಳಿಕೊಂಡ್ರು, ನಾನೂ ತಾಳ್ಕೋತೇನಿ," ಎಂದ, ಮನೆಗೆ ಬಂದು.

"ಸುಮ್ಮ ಎಲ್ಲಿದ್ರು? ಕಾವಲಿನವ ಕಪಾಳಕ್ಕ ಹೊಡದಾಗ 'ಯಾಕ ಹೊಡದಿ?' ಅಂತ ಕೇಳಿದ್ರು. ನೀ ಅಷ್ಟರ ಕೇಳು," ಎಂದಳು ತಾಯವ್ವ. ಆ ಮಾತು ಈಶಪ್ಪನಿಗೆ ನಾಟಿತು.

ಕ್ರಿಸ್‌ಮಸ್ ಮುಗಿಯಿತು. ಸಾಹೇಬರು ಶಾಲು ಹೊದ್ದು, ಕೇಕ್ ತಿಂದು ಹೋದರು. ತಿಂಗಳೊಪ್ಪತ್ತಿನಲ್ಲಿ, ಪ್ರಾರ್ಥನಾಲಯದ ಮುಂಭಾಗ ಸರ್ಕಾರಿ ಜಾಗದಲ್ಲಿದೆಯೆಂದು ಜೆಸಿಬಿ ಬಂತು, ಹಿಂದೆ ಪೊಲೀಸ್ ವ್ಯಾನ್. ಅಷ್ಟೂ ದಿನದ ವಿಧೇಯತೆ ಪಾಸ್ಟರರಿಗೆ ಒಮ್ಮೆಲೇ ಮರೆತುಹೋಯಿತು.

"ಮನುಷ್ಯರ ಮಾತಿಗಿಂತ ದೇವರ ಮಾತು ದೊಡ್ಡದು!" ಎಂದು ಮೈಕಿನಲ್ಲಿ ಗರ್ಜಿಸಿದರು. "ಸ್ವಾಮಿನೂ ದೇವಾಲಯದಾಗ ಚಾಟಿ ಬೀಸಿದ್ರು. ಬಡಿಗಿ ತಗೊಳ್ರಿ!"

ಸಭೆಯ ವೀರೇಶ, ಸಿದ್ದಲಿಂಗರಂಥ ಕಟ್ಟುಮಸ್ತು ಹುಡುಗರು ಬಡಿಗೆ ಹಿಡಿದು ಮುನ್ನುಗ್ಗಿದರು. ಈಶಪ್ಪ ಅಡ್ಡ ಬಂದ.

"ಕೆಳಗಿಡ್ರಿ. ಸ್ವಾಮಿನ್ನ ಹಿಡಿಯಾಕ ಬಂದಾಗ ಕತ್ತಿ ಎತ್ತಿದ ಶಿಷ್ಯಗ, ಒರಿಯೊಳಗ ಹಾಕು ಅಂದವರು ಅವರ ಅಲ್ಲೇನು?"

ಆಮೇಲೆ ಬಾಗಿಲಲ್ಲೇ ಕುಳಿತು ಸಬ್‌ಇನ್‌ಸ್ಪೆಕ್ಟರಿಗೆ ಹೇಳಿದ: "ಸಾಹೇಬ್ರ, ನಾ ಹೊಡಿಯೂದಿಲ್ಲ. ಏಳೂದೂ ಇಲ್ಲ. ಎತ್ತಿಕೊಂಡು ಹೋಗ್ರಿ."

ತಾಯವ್ವ ಪಕ್ಕ ಕುಳಿತಳು. ಬಡಿಗೆ ಹಿಡಿದವರೂ ಎಸೆದು ಕುಳಿತರು. ಪಾಸ್ಟರರಿಗೆ ಕೂಡ್ರಲು ಪುರುಸೊತ್ತಿರಲಿಲ್ಲ. ವಕೀಲರನ್ನು ಕರೆತರುತ್ತೇನೆಂದು ಕಾರು ಹತ್ತಿ ದಾಂಡೇಲಿ ಕಡೆ ಹೋದವರು ಮರಳಲಿಲ್ಲ.

ಪೊಲೀಸರು ಎಲ್ಲರನ್ನೂ ಎತ್ತಿ ವ್ಯಾನಿಗೆ ಹಾಕಿದರು. ಮುಂಭಾಗ ಉರುಳಿತು. ಸಂಜೆ ಸ್ಟೇಷನ್ನಿನಿಂದ ಬಿಟ್ಟು ಕಳಿಸುವಾಗ ಈಶಪ್ಪ ಮಾತ್ರ ಬೆಂಚು ಬಿಟ್ಟೇಳಲಿಲ್ಲ.

"ನಂದೊಂದು ಕಂಪ್ಲೇಂಟ್ ಐತ್ರಿ. ಗಾರ್ಡ್ ನನ್ನ ಯಾಕ ಹೊಡದ, ಕೇಳ್ಬೇಕು."

ಸಬ್‌ಇನ್‌ಸ್ಪೆಕ್ಟರ್ ಗೊಣಗುತ್ತಲೇ ಬರೆದುಕೊಂಡ. ಕೇಸು ಹಳಿಯಾಳದ ಕೋರ್ಟಿನಲ್ಲಿ ಇನ್ನೂ ನಡೆದಿದೆ.

ಉದಯಕುಮಾರರು ಈಗ ಧಾರವಾಡದಲ್ಲಿದ್ದಾರೆ. ಜೆಸಿಬಿಗೆ ಎದೆಯೊಡ್ಡಿ ನಿಂತೆನೆಂದು ಅವರು ಕಣ್ಣೀರಿಟ್ಟು ಸಾಕ್ಷಿ ಹೇಳುವ ವಿಡಿಯೊವನ್ನು ಸಿದ್ದಲಿಂಗ ಮೊಬೈಲಿನಲ್ಲಿ ತೋರಿಸಿದ. ತಾಯವ್ವ ಅರ್ಧ ನೋಡಿದಳು.

"ಅಳೂದಷ್ಟ ಖರೇ ಕಾಣತೈತಿ," ಎಂದು ಮೊಬೈಲು ಮರಳಿಸಿ, ಭಾನುವಾರದ ಪ್ರಾರ್ಥನೆಗೆಂದು ಪ್ರಾರ್ಥನಾಲಯದ ಉಳಿದರ್ಧದ ಕಸ ಗುಡಿಸಲು ಹೋದಳು.