ಮತೀನನ ಬೋಟು ಹತ್ತಿದ ಕಾಕಾ

ದೇವರ ದರ್ಶನಕ್ಕೆ ಹೊರಟಿದ್ದೇವೆ ಎಂದು ಪಂಢರೀನಾಥ ಕಾಕಾ ಬಾದಾಮಿಯ ಓಣಿಗೆಲ್ಲ ಹೇಳಿ ಬಂದಿದ್ದರು. ಆದರೆ ದೀಪಾವಳಿ ರಜೆಗೆ ಹೆಂಡತಿ, ಮಗನನ್ನು ಕರೆದುಕೊಂಡು ಮುರ್ಡೇಶ್ವರಕ್ಕೆ ಬಂದಿಳಿದಾಗ ಅವರ ಕಣ್ಣು ಗೋಪುರದ ಕಡೆಗಿಂತ ಸಮುದ್ರದ ಕಡೆಗೇ ಹೆಚ್ಚಿತ್ತು. ಅವರ ಅಣ್ಣನ ಮಗಳು ಗೌತಮಿ ಅಲ್ಲಿ ಸ್ಕೂಬಾ ಗೈಡ್ ಆಗಿದ್ದಳು. ಬಂದವರ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ನೇತ್ರಾಣಿ ದ್ವೀಪದ ಮಗ್ಗುಲಲ್ಲಿ ನೀರಿಗಿಳಿಸಿ, ಒಳಗಿನ ಮೀನು ಬಂಡೆಗಳನ್ನು ತೋರಿಸಿ, ಇಳಿಸಿದಷ್ಟೇ ಜೋಪಾನವಾಗಿ ಮೇಲೆ ತರುವ ಕೆಲಸ. ಬಾಗಲಕೋಟೆಯಲ್ಲಿ ಡಿಗ್ರಿ ಮುಗಿಸಿದ ಹುಡುಗಿ ಸಾಲಿ ಮಾಸ್ತರಿಕೆ ಬಿಟ್ಟು ಇದೇನು ಹಿಡಿದಳು ಎಂದು ಮನೆಮಂದಿಯೆಲ್ಲ ಮೂಗು ಮುರಿದಾಗ, "ಅಕಿಗೆ ನೀರಿನ ಹುಚ್ಚು ಹಚ್ಚಿದಾಂವ ನಾನs" ಎಂದು ಎದೆ ತಟ್ಟಿಕೊಂಡವರು ಕಾಕಾ ಒಬ್ಬರೇ.

ಅದು ಸುಳ್ಳಲ್ಲ. ಕಾಕಾ ಬೇವೂರಿನಲ್ಲಿ ವಿಜ್ಞಾನದ ಮಾಸ್ತರರಾಗಿದ್ದ ಕಾಲಕ್ಕೆ, ಬೇಸಿಗೆ ರಜೆಯಲ್ಲಿ ಗೌತಮಿಯನ್ನು ಹೊಲದ ಬಾವಿಗೆ ಕರೆದೊಯ್ದು, ನಡುವಿಗೆ ಸೈಕಲ್ ಟ್ಯೂಬು ಕಟ್ಟಿ ಈಜು ಕಲಿಸಿದ್ದರು.

ಬಂದ ಸಂಜೆಯೇ ಗೌತಮಿ ಅವರ ಲಾಜಿಗೆ ಹೋದಳು. ಕಾಕಾನ ಹೆಂಡತಿ ಕುಮುದಿನಿ ಕಾಕು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿದರು. ಅವರ ಮಗ ವಿಕಾಸ ಬಾಗಲಕೋಟೆಯಲ್ಲಿ ಬ್ಯಾಂಕಿನ ನೌಕರ. ನೀರಿನೊಳಗೆ ವಿಡಿಯೋ ತೆಗೆಯುವ ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದ. ಎಲ್ಲ ನಗುನಗುತ್ತಲೇ ನಡೆದಿತ್ತು. ಅಷ್ಟರಲ್ಲಿ ಕಾಕಾ ಸೀನಿದರು. ಮತ್ತೊಮ್ಮೆ ಸೀನಿದರು. ಅವರ ದನಿ ಕಟ್ಟಿಕೊಂಡಿರುವುದು ಆಗ ಗೌತಮಿಯ ಗಮನಕ್ಕೆ ಬಂತು.

"ಕಾಕಾ, ನೆಗಡಿ ಆಗ್ಯದೇನ್ರಿ?"

"ಗಾಡ್ಯಾಗಿನ ಎಸಿ ಹಚ್ಚಿ ಹಚ್ಚಿ ಮೂಗು ಕಟ್ಟೇದ. ಒಂದು ಗುಳಿಗಿ ನುಂಗೇನಿ. ನಾಳೆ ನಿನ್ನ ಬೋಟು ಹತ್ತೂತನಾ ಹೋಗ್ತದ."

"ಹಂಗಿದ್ರ ನಾಳೆ ನೀವು ನೀರಿಗೆ ಇಳಿಯೂದು ಬ್ಯಾಡ."

ಕಾಕಾ ನಕ್ಕರು. ಬಾವಿಯಲ್ಲಿ ಚಳಿಜ್ವರ ಇದ್ದಾಗಲೂ ಹಾರಿದವನು ನಾನು ಎಂದರು. ಗೌತಮಿ ತಿಳಿಸಿ ಹೇಳಿದಳು. ಕೆಳಗೆ ಹೋದಷ್ಟೂ ನೀರು ಕಿವಿಯನ್ನು ಒತ್ತುತ್ತದೆ; ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ ಆ ಒತ್ತಡ ಕಳೆದುಕೊಳ್ಳುತ್ತ ಇಳಿಯಬೇಕು; ಮೂಗೇ ಕಟ್ಟಿದ್ದರೆ ಗಾಳಿ ಕಿವಿಗೆ ತಲುಪುವುದಿಲ್ಲ. ಗುಳಿಗೆ ನುಂಗಿ ಇಳಿದರೆ ಅದರ ಜೋರು ನೀರೊಳಗೇ ಕಡಿಮೆಯಾಗಬಹುದು, ಅದು ಇನ್ನೂ ಕೆಟ್ಟದ್ದು. ನಾಲ್ಕು ದಿನ ಬಿಟ್ಟು ಹೋಗೋಣ.

"ಸೋಮವಾರ ಸಾಲಿ ಚಾಲೂ ಆಗ್ತದ. ನಾಲ್ಕು ದಿನ ಎಲ್ಲಿಂದ ತರ್ಲಿ?" ಕಾಕಾನ ಮುಖದ ನಗೆ ಹೋಗಿತ್ತು. "ಒತ್ತಡದ ಪಾಠ ಮೂವತ್ತು ವರ್ಷ ನಾ ಹೇಳೇನಿ. ಈಗ ನೀ ನನಗ ಹೇಳ್ತೀ? ನಿನಗ ಈಜು ಕಲಿಸಿದಾಂವ ಯಾರು?"

"ನೀವs ಕಲಿಸೀರಿ. ಆದ್ರ ನಾ ಕರ್ಕೊಂಡು ಹೋಗೂದಿಲ್ಲ."

ಇದನ್ನು ಇನ್ನೊಂದಿಷ್ಟು ಮೆತ್ತಗೆ ಹೇಳಬಹುದಿತ್ತು. ಹೇಳಿದ ಕ್ಷಣಕ್ಕೇ ಅವಳಿಗೆ ಅದು ಗೊತ್ತಾಯಿತು. ಕಾಕಾ ಎದ್ದು ಬಾಲ್ಕನಿಗೆ ಹೋಗಿ ಬೆನ್ನು ಹಾಕಿ ನಿಂತರು. "ದೊಡ್ಡವರ ಮುಂದ ಹಿಂಗ ಮಾತಾಡ್ತಾರೇನವಾ" ಎಂದು ಕಾಕು ರೊಟ್ಟಿಯ ಗಂಟು ಮತ್ತೆ ಕಟ್ಟತೊಡಗಿದರು. ಗೌತಮಿ ಅರ್ಧ ಊಟಕ್ಕೇ ಕೈ ತೊಳೆದು ಬಂದುಬಿಟ್ಟಳು.

ತನ್ನ ಕೋಣೆ ಮುಟ್ಟುವಷ್ಟರಲ್ಲಿ ಫೋನಿಗೆ ವಿಕಾಸನ ಸಂದೇಶ ಬಂತು. "ಅಪ್ಪ ಬೇರೆ ಬೋಟಿನಾಗ ಬುಕ್ ಮಾಡ್ಯಾನ. ಮತೀನ ಅಂತ ಗೈಡ್. ಚಲೋ ಇದ್ದಾನೇನು?"

ಮತೀನ ಭಟ್ಕಳದವನು. ಗೌತಮಿ ಕೆಲಸಕ್ಕೆ ಹೊಸದಾಗಿ ಬಂದಾಗ ಕೈಹಿಡಿದು ಕಲಿಸಿದವರಲ್ಲಿ ಅವನೂ ಒಬ್ಬ. ಅವನ ನಂಬರು ಅವಳ ಬಳಿ ಇತ್ತು. ನಾಳೆ ನಿನ್ನ ಬೋಟಿಗೆ ಬರುವವರಿಗೆ ಮೂಗು ಕಟ್ಟಿದೆ, ನೀನು ಕೇಳಿದರೆ ಇಲ್ಲ ಅನ್ನುತ್ತಾರೆ, ಇಳಿಸಬೇಡ. ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಹೆಸರು ತೆಗೆದು ನೋಡಿದಳು. ಕಾಕಾ ಬೆನ್ನು ಹಾಕಿ ನಿಂತದ್ದು ಕಣ್ಣಿಗೆ ಕಟ್ಟಿತು. ಹೋಗಲಿ, ಅಷ್ಟು ತಿಳಿದವರು, ಅವರದು ಅವರೇ ನೋಡಿಕೊಳ್ಳಲಿ ಎಂಬ ಸಿಟ್ಟು ಬೆಂಕಿಯಂತೆ ಎದ್ದಿತು. "ಭಾಳ ಚಲೋ ಇದ್ದಾನ" ಎಂದು ವಿಕಾಸನಿಗೆ ಬರೆದು ಫೋನು ಮಗುಚಿಟ್ಟಳು.

ಮರುದಿನ ನೇತ್ರಾಣಿಯ ಬಳಿ ಎರಡೂ ಬೋಟುಗಳು ಕೂಗಳತೆಯಲ್ಲಿ ಲಂಗರು ಹಾಕಿದ್ದವು. ಗೌತಮಿಯ ಪಾಲಿಗೆ ಬಂದವಳು ಸಮುದ್ರವನ್ನೇ ಮೊದಲ ಸಲ ನೋಡುತ್ತಿದ್ದ ಒಬ್ಬ ಹೆಂಗಸು. ಅವಳ ಸಿಲಿಂಡರಿನ ಪಟ್ಟಿ ಹಿಡಿದು ಇಳಿಯುವಾಗಲೂ ಗೌತಮಿಯ ತಲೆ ಆ ಬೋಟಿನ ಕಡೆಗೇ ತಿರುಗುತ್ತಿತ್ತು. ನೀಲಿಯಲ್ಲಿ ದೂರಕ್ಕೆ ಯಾರದೋ ಕಪ್ಪು ಆಕಾರ, ಮೇಲೇಳುವ ಗುಳ್ಳೆಗಳು. ಅದು ಕಾಕಾನೋ ಬೇರೆಯವರೋ ತಿಳಿಯಲಿಲ್ಲ. ಇದ್ದಕ್ಕಿದ್ದಂತೆ ಆ ಹೆಂಗಸು ಅವಳ ತೋಳನ್ನು ಉಗುರು ನೆಡುವಂತೆ ಹಿಡಿದಳು. ಮುಖಕ್ಕೆ ಬಿಗಿದ ಈಜುಗನ್ನಡಕದೊಳಗೆ ನೀರು ಸೇರಿ ಗಾಬರಿಯಾಗಿದ್ದಳು; ಎಷ್ಟು ಹೊತ್ತಿನಿಂದ ಸನ್ನೆ ಮಾಡುತ್ತಿದ್ದಳೋ ಏನೋ. ಗೌತಮಿ ನೀರು ತೆಗೆಸಿ, ಕಣ್ಣಲ್ಲಿ ಕಣ್ಣಿಟ್ಟು ಉಸಿರಾಟ ಹದಕ್ಕೆ ತಂದು, ಅವಳನ್ನು ಮೇಲಕ್ಕೆ ಕರೆತಂದಳು. "ಥ್ಯಾಂಕ್ಸ್ ರೀ, ನೀವಿರದಿದ್ರ ನನ್ನ ಗತಿ ಏನಿತ್ತು" ಎಂದು ಆಕೆ ಅಂದಾಗ ಗೌತಮಿಗೆ ನಾಚಿಕೆಯಾಯಿತು.

ದಂಡೆಗೆ ಬರುವಷ್ಟರಲ್ಲಿ ಕಾಕಾ ಕುಟುಂಬ ಊರಿಗೆ ಹೊರಟುಹೋಗಿತ್ತು. ಮತೀನ ಒದ್ದೆ ಬಟ್ಟೆಯಲ್ಲೇ ಅವಳನ್ನು ಕಾಯುತ್ತಿದ್ದ.

"ಬಾದಾಮಿಯ ಆ ಮಾಸ್ತರರು ನಿನ್ನ ಕಾಕಾ ಅಂತೆ, ಹೌದಾ? ಅವರ ಮಗ ಹೇಳಿದ. ಕಿವಿ ನೋವು ಅಂತ ನೀರಿನೊಳಗೆ ಸನ್ನೆ ಮಾಡಿದರು, ಕೂಡಲೇ ಮೇಲೆ ತಂದೆ. ಮೂಗಿಂದ ರಕ್ತ ಬಂತು, ಕಿವಿ ಗುಂಯ್ ಅಂತಿದೆ ಅಂದರು. ಇಲ್ಲೇ ಡಾಕ್ಟರಿಗೆ ತೋರಿಸುವ ಅಂದರೆ ಕೇಳಲೇ ಇಲ್ಲ, ಮಗ ಆಗಿನ್ನೂ ನೀರೊಳಗೇ ಇದ್ದ, ಅವನಿಗೂ ಹೇಳಬೇಡ ಅಂದರು. ಇಳಿಯುವ ಮೊದಲು ನೆಗಡಿ ಉಂಟಾ ಅಂತ ಎರಡು ಸಲ ಕೇಳಿದ್ದೆ. ಇಲ್ಲ ಅಂದಿದ್ದರು." ಅವನು ಅವಳ ಮುಖ ನೋಡಿದ. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದಳು ಗೌತಮಿ.

ಮತೀನ ಸಿಲಿಂಡರು ಹೆಗಲಿಗೇರಿಸಿಕೊಂಡು ಹೋದ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಗೌತಮಿಗೆ ಕೂತಲ್ಲಿ ಕೂಡಲಾಗಲಿಲ್ಲ. ಫೋನು ಮಾಡಿದರೆ ಕಾಕಾ, "ಏನೂ ಆಗಿಲ್ಲ ಬಿಡು. ಮೀನ ನೋಡಿದೆ, ಭಾಳ ಚಂದ ಇದ್ವು" ಎಂದು ಇಟ್ಟುಬಿಡುತ್ತಿದ್ದರು. ಕಾಕುಗೆ ಕೇಳಿದರೆ, "ಆರಾಮ ಇದ್ದಾರ. ಟಿವಿ ಮಾತ್ರ ಮಂದಿ ಮನಿಗೆ ಕೇಳೂಹಂಗ ಇಡ್ತಾರ ನೋಡು" ಎಂದರು. ಆ ಮಾತು ಕೇಳಿದ ಮೇಲೆ ಅವಳು ತಡೆಯಲಿಲ್ಲ. ಸೀಸನ್ನಿನಲ್ಲಿ ರಜೆಯೇ ಎಂದು ಮಾಲೀಕ ಗೊಣಗಿದರೂ ಬ್ಯಾಗು ತುಂಬಿ ಹುಬ್ಬಳ್ಳಿ ಬಸ್ಸು ಹತ್ತಿದಳು.

ಬಾದಾಮಿಯ ಮನೆಯಲ್ಲಿ ಪಡಸಾಲೆ ತುಂಬ ಜನರಿದ್ದರು. ವಿಕಾಸನಿಗೆ ಹೆಣ್ಣು ಕೊಡುವ ಇಳಕಲ್ಲಿನ ಬೀಗರು ಮದುವೆಯ ಮಾತಿಗೆ ಬಂದಿದ್ದರು. ಕಾಕಾ ನಡುವೆ ಕೂತು ಫೋನಿನಲ್ಲಿ ತಮ್ಮ ಸಮುದ್ರದ ವಿಡಿಯೋ ತೋರಿಸುತ್ತಿದ್ದರು. ಗೌತಮಿಯನ್ನು ಕಂಡದ್ದೇ, "ಬಾ ಬಾ, ನೋಡ್ರಿ, ಇಕಿನs ನನಗ ಬ್ಯಾಡ ಅಂದಾಕಿ" ಎಂದು ನಕ್ಕರು. ಎಲ್ಲರೂ ನಕ್ಕರು. ಅವಳು ಒಳಬಾಗಿಲಲ್ಲಿ ನಿಂತೇ ಕಾಕಾನ ಕತ್ತನ್ನು ನೋಡಿದಳು. ಅದು ಎಲ್ಲರ ಮಾತಿಗೂ ಎಡಕ್ಕೆ ಹೊರಳಿ, ಬಲಗಿವಿಯನ್ನೇ ಮುಂದೆ ಮಾಡುತ್ತಿತ್ತು.

ಎಡಗಡೆ ಕೂತಿದ್ದ ಬೀಗರು ಕೇಳಿದರು. "ಮಾಸ್ತರ, ಮತ್ತ ಹಾಲ್ ಬುಕ್ ಮಾಡೋಣೇನ್ರಿ?"

"ಹಾಲಿಂದೇನು ಚಿಂತಿಲ್ರಿ," ಎಂದರು ಕಾಕಾ ಹುಮ್ಮಸ್ಸಿನಿಂದ, "ಗೌಳ್ಯಾ ದಿನಾ ಮನಿಗೇ ತಂದು ಹಾಕ್ತಾನ."

ಬೀಗರು ಚೇಷ್ಟೆಯಿರಬೇಕೆಂದು ಜೋರಾಗಿ ನಕ್ಕರು. ಕಾಕಾನೂ ನಕ್ಕರು, ಆದರೆ ಏತಕ್ಕೆಂದು ತಿಳಿಯದ ಕಣ್ಣುಗಳು ಒಬ್ಬೊಬ್ಬರ ತುಟಿಯನ್ನೂ ಹುಡುಕಿದವು. ಗೌತಮಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಿತ್ತಲಿಗೆ ಹೋಗಿ ಮುಖಕ್ಕೆ ನೀರು ಹೊಡೆದುಕೊಂಡಳು.

ಬೀಗರು ಹೋದ ಮೇಲೆ ಕಾಕಾನನ್ನು ಮಾಳಿಗೆಗೆ ಕರೆದು ಬಲಗಡೆಗೆ ನಿಂತಳು.

"ಎಡಗಿವಿ ಕೇಳಸವಲ್ತು, ಹೌದಿಲ್ರಿ?"

"ಹಂಗೇನಿಲ್ಲ."

"ಕಾಕಾ, ಮತೀನ ನನಗ ಎಲ್ಲಾ ಹೇಳ್ಯಾನ. ಬಾಗಲಕೋಟಿಗೆ ದವಾಖಾನಿಗೆ ಹೋಗೂಣು ನಡೀರಿ."

"ಬೀಗರಿಗೆ ಗೊತ್ತಾದ್ರ? ಕಿವುಡ ಮಾಸ್ತರ ಅಂತ ಸಾಲಿ ಹುಡುಗ್ರು ನಗ್ತಾವ. ನೀನೂ ನಗ್ತೀ. ನಾ ಹೇಳಿದ್ದೆ ಅಂತ ಹೇಳ್ಲಿಕ್ಕೆ ಬಂದೀಯೇನು ಅಲ್ಲಿಂದ?"

"ಇಲ್ರಿ. ಮತೀನಗ ಒಂದು ಫೋನ್ ಮಾಡಿದ್ರ ಅಂವ ನಿಮ್ಮನ್ನ ಇಳಸ್ತಿರಲಿಲ್ಲ. ನಂಬರ ತಗದಿದ್ದೆ. ಸಿಟ್ಟಿಗೆ ಮಾಡಲಿಲ್ಲ. ನಿಮಗ ಬ್ಯಾಡ ಅಂದಲ್ಲಿಗೆ ನನ್ನ ಕೆಲಸ ಮುಗೀತು ಅಂತ ಕೂತೆ. ಮುಗಿದಿದ್ದಿಲ್ಲ."

ಕಾಕಾ ಎದುರಿನ ಕೆಂಪು ಗುಡ್ಡದ ಕಡೆ ತಿರುಗಿ, "ನೀರಾಗ ಭಾಳ ಅಂಜಿದೆನವಾ," ಎಂದರು. "ಸೂಜಿ ಚುಚ್ಚಿದಂಗಾತು, ಆಮ್ಯಾಲ ಫಟ್ ಅಂತು. ಮ್ಯಾಲ ಯಾವುದು ಕೆಳಗ ಯಾವುದು ತಿಳೀದಂಗಾತು. ಆ ಹುಡುಗ ಕೈ ಬಿಡಲಿಲ್ಲ, ಅದಕ್ಕ ಉಳದೆ."

ಮರುದಿನ ಬಾಗಲಕೋಟೆಯ ನವನಗರದ ಕಿವಿ ಡಾಕ್ಟರು ದೀಪ ಹಿಡಿದು ನೋಡಿ, ಪರದೆ ಹರಿದಿದೆ ಎಂದರು. ಸಣ್ಣ ತೂತು, ನೀರು ಸೋಕದಂತೆ ಕಾಪಾಡಿದರೆ ತಾನಾಗಿ ಮುಚ್ಚಿಕೊಳ್ಳಬಹುದು, ಪೂರ್ತಿ ಮೊದಲಿನಂತೆ ಆಗುತ್ತದೆಂದು ಈಗಲೇ ಹೇಳಲಾರೆ. ಒಳಗೆ ಕೀವಾಗಲು ಶುರುವಾಗಿತ್ತು, ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು.

ಗೌತಮಿ ಹೊರಗೆ ಬಂದು ಮತೀನನಿಗೆ ಫೋನು ಹಚ್ಚಿದಳು. ಅವನು ಡಾಕ್ಟರ ಮಾತನ್ನೆಲ್ಲ ಕೇಳಿಸಿಕೊಂಡು, ಔಷಧಿ ಸರಿಯಾಗಿ ಹಾಕಿಸು ಎಂದಷ್ಟೇ ಹೇಳಿದ. ಹಿಂದೆ ಎಂಜಿನ್ನಿನ ಸದ್ದಿರಲಿಲ್ಲ. ಈ ಹೊತ್ತಿಗೆ ಅವನು ಸಮುದ್ರದಲ್ಲಿರಬೇಕಿತ್ತು. ಕೇಳಿದಾಗ ಹೇಳಿದ. ಅತಿಥಿಗೆ ಪೆಟ್ಟಾದದ್ದನ್ನು ಅವನೇ ಮಾಲೀಕರಿಗೆ ತಿಳಿಸಿದ್ದ. ಮೂಗು ಕಟ್ಟಿದವರನ್ನು ನೋಡದೆ ಹೇಗೆ ಇಳಿಸಿದೆ, ವಿಚಾರಣೆ ಆಗುವವರೆಗೆ ನೀರಿಗೆ ಹೋಗಬೇಡ ಎಂದಿದ್ದರು. ಮಾಸ್ತರರಿಗೆ ಅವರು ಫೋನು ಮಾಡುತ್ತಲೇ ಇದ್ದರು, ಇವರು ಎತ್ತಿರಲಿಲ್ಲ.

ಗೌತಮಿ ಇದನ್ನು ಕಾಕಾನ ಬಲಗಿವಿಗೆ ಹೇಳಿದಳು. ಕಾಕಾನ ಮುಖ ಸಣ್ಣದಾಯಿತು. ಕಿಸೆಯಿಂದ ಫೋನು ತೆಗೆದು, ಎತ್ತದೆ ಬಿಟ್ಟಿದ್ದ ಆ ನಂಬರಿಗೆ ತಾವೇ ಹಚ್ಚಿದರು. ದವಾಖಾನೆಯ ಪಡಸಾಲೆಯಲ್ಲಿ ಪಾಳಿ ಹಚ್ಚಿ ಕೂತವರೆಲ್ಲ ತಲೆಯೆತ್ತಿ ನೋಡುವಂತೆ, ಅರ್ಧ ಕೇಳುವವರ ದೊಡ್ಡ ದನಿಯಲ್ಲಿ ಮಾತಾಡಿದರು.

"ನಾ ಪಂಢರೀನಾಥ ಮಾಸ್ತರ, ಬಾದಾಮಿ. ಆ ಹುಡುಗಂದು ಏನೂ ತಪ್ಪಿಲ್ರಿ. ನೆಗಡಿ ಅದೇನು ಅಂತ ಎರಡು ಸರ್ತೆ ಕೇಳಿದ. ನಾ ಸುಳ್ಳು ಹೇಳಿದೆ. ಹೌದ್ರೀ, ಸುಳ್ಳು! ಗುಳಿಗಿ ನುಂಗಿ ಮೂಗು ಬಿಟ್ಟಿತ್ತು, ಅವಂಗ ಹೆಂಗ ಗೊತ್ತಾಗಬೇಕು?"

ಎದುರಿನ ಬೆಂಚಿನಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬನಿದ್ದ. ನಮಸ್ಕಾರ ಮಾಡಲು ಎದ್ದವನು ಹಾಗೆಯೇ ಕೂತ. ಕಾಕಾ ಅವನನ್ನು ನೋಡಿದರು, ಆದರೂ ದನಿ ತಗ್ಗಿಸಲಿಲ್ಲ.

ತನ್ನ ಪಾಲಿನದನ್ನು ಗೌತಮಿ ಫೋನಿನಲ್ಲಿ ಹೇಳಲಿಲ್ಲ. ಮುರ್ಡೇಶ್ವರಕ್ಕೆ ಮರಳಿದ ದಿನವೇ ಮತೀನನ ಬೋಟಿನ ಕಚೇರಿಗೆ ಹೋಗಿ, ಗೊತ್ತಿದ್ದೂ ಸುಮ್ಮನಿದ್ದೆ ಎಂದು ಅವನ ಮಾಲೀಕರ ಎದುರಿಗೇ ಹೇಳಿದಳು. ಅವಳ ಮಾಲೀಕರಿಗೂ ಸುದ್ದಿ ಮುಟ್ಟಿತು. ಎರಡೂ ಕಡೆ ಬೈಸಿಕೊಂಡಳು. ಮತೀನ ಮತ್ತೆ ಬೋಟು ಹತ್ತಿದ. ಆದರೆ ಬೋಟು ಹತ್ತುವ ಜೆಟ್ಟಿಯಲ್ಲಿ ಎದುರಾದರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದನೇ ಹೊರತು ಮೊದಲಿನಂತೆ ನಿಂತು ಮಾತಾಡುತ್ತಿರಲಿಲ್ಲ. ಕಾಕಾನ ಕಿವಿಯ ಸುದ್ದಿ ಮಾತ್ರ ಬೇರೆಯವರ ಬಾಯಿಂದ ಕೇಳಿ ತಿಳಿದುಕೊಳ್ಳುತ್ತಿದ್ದ. ಮುಚ್ಚಿಕೊಳ್ಳುತ್ತ ಬಂದಿದೆ, ಸಣ್ಣ ದನಿ ಇನ್ನೂ ಕೇಳುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಚಳಿಗಾಲ ಮುಗಿಯುತ್ತ ಬಂದ ಒಂದು ಬೆಳಿಗ್ಗೆ ಗೌತಮಿಯ ಬೋಟು ನೇತ್ರಾಣಿ ಮುಟ್ಟಿದಾಗ ಮತೀನನ ಬೋಟು ಅದಾಗಲೇ ಅಲ್ಲಿತ್ತು. ಮೇಲೆ ನೀರು ಕನ್ನಡಿಯಂತಿತ್ತು. ಅವಳ ಅತಿಥಿಗಳು ಸಿಲಿಂಡರು ಕಟ್ಟಿಕೊಂಡು ಅಂಚಿಗೆ ಬಂದು ಕೂತಿದ್ದರು. ಅಷ್ಟರಲ್ಲಿ ಒಬ್ಬನೇ ಇಳಿದು ನೋಡಿ ಬಂದ ಮತೀನ ನೀರಿನಿಂದ ಅರ್ಧ ಎದ್ದು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದ.

"ಗೌತಮಿ! ಯಾರನ್ನೂ ಇಳಿಸಬೇಡ! ಕೆಳಗೆ ಸೆಳವು ಜೋರುಂಟು!"

ಎಷ್ಟು ದೂರದಿಂದ ಬಂದಿದ್ದೇವೆ, ಸಮುದ್ರ ಇಷ್ಟು ಶಾಂತವಾಗಿದೆಯಲ್ಲ ಎಂದು ಅತಿಥಿಗಳು ಗದ್ದಲವೆಬ್ಬಿಸಿದರು. ಒಬ್ಬರಂತೂ ನೀವು ಕೆಲಸಗಳ್ಳರು ಎಂದೇ ಅಂದರು. ಗೌತಮಿ ಕೈಯೆತ್ತಿ ಮತೀನನಿಗೆ ಕೇಳಿಸಿತೆಂದು ತೋರಿಸಿದಳು. ಆಮೇಲೆ ಒಬ್ಬೊಬ್ಬರ ಬೆನ್ನಿನ ಪಟ್ಟಿಯನ್ನೂ ತಾನೇ ಬಿಚ್ಚತೊಡಗಿದಳು.