ಬಾಲದ ಕಡೆಯ ಕಿತ್ತಳೆ ಮೂಟೆ

ನೆಂಟರು ಹೊರಟು ನಿಂತರೆ ಕೈಗೊಂದು ಗಂಟು ಕೊಡದೆ ಕಳಿಸುವ ಮನೆ ನಮ್ಮ ಕೊಡಗಿನಲ್ಲಿ ಉಂಟೇ? ಬೇಡ ಬೇಡ ಎಂದವರ ಚೀಲಕ್ಕೂ ತುರುಕಿಯೇ ಕಳಿಸುತ್ತೇವೆ. ಬ್ರಿಟಿಷರ ಕಾಲದಲ್ಲಿ ಬಿಟ್ಟಂಗಾಲದ ಯಮುನ ಮಾಡಿದ್ದೂ ಅದನ್ನೇ. ಆದರೆ ಅವಳ ಮನೆಯಿಂದ ಹೊರಟವನು ವಿಮಾನದಲ್ಲಿ ಹೊರಟಿದ್ದ!

ಅವನು ಅವಳ ಸ್ವಂತ ಅಣ್ಣ ಮೊಣ್ಣಪ್ಪ. ಮದರಾಸಿನಲ್ಲಿ ವಿಮಾನ ನಡೆಸಲು ಕಲಿತು, ಅದನ್ನೇ ಕಸುಬು ಮಾಡಿಕೊಳ್ಳುವ ಪೈಲಟ್ ಪರೀಕ್ಷೆಗೆ ತಯಾರಾಗುತ್ತಿದ್ದ. ಮನೆಯ ಹಿಂದಿನ ಬಾಣೆಯ ಹುಲ್ಲುಬಯಲಿನ ಮೇಲೆ ಪುಟ್ಟ ವಿಮಾನ ಇಳಿಸಿದ್ದ. ಹೊರಡುವ ಬೆಳಿಗ್ಗೆ ಅಕ್ಕ ಶಿವಮ್ಮ ಎಳೆಬಿದಿರಿನ ಕಣಿಲೆ ಉಪ್ಪಿನಕಾಯಿಯ ಭರಣಿ ತಂದಳು. ಅವನು ಅದನ್ನು ತೂಗಿ, ನಗುತ್ತಾ ಸೀಟಿನ ಪಕ್ಕ ಇಟ್ಟುಕೊಂಡ. ಯಮುನ ಕಿತ್ತಳೆ ಮೂಟೆ ತಂದರೆ, "ಬೇಡ ಯಮುನ, ಇನ್ನು ಭಾರ ಹಾಕೋ ಹಾಗಿಲ್ಲ" ಅಂದುಬಿಟ್ಟ.

ಯಮುನಳ ಹೊಟ್ಟೆ ಧಗಧಗ ಉರಿಯಿತು. ಅಕ್ಕನದಾದರೆ ಹಗುರ, ನನ್ನದಾದರೆ ಭಾರವೇ? ಚಿಕ್ಕಂದಿನಿಂದಲೂ ಇದೇ ಕಥೆ! ಅಣ್ಣ ಕಾಫಿಗೆಂದು ಒಳಗೆ ಹೋದದ್ದೇ ತಡ, ಸೀಟಿನ ಹಿಂದಿನ ಮುಚ್ಚಳ ತೆಗೆದು, ಮೂಟೆಯನ್ನು ಬಾಲದ ಕಡೆಗೆ ತಳ್ಳಿ ಮುಚ್ಚಿದಳು.

ಅವಳು ಒಳಗೆ ಬಂದಾಗ ಶಿವಮ್ಮ ಕೇಳುತ್ತಿದ್ದಳು: "ಪರೀಕ್ಷೆಯಲ್ಲಿ ಎಂತ ಕೇಳ್ತಾರೆ ಮೊಣ್ಣಪ್ಪ?"

"ಭಾರದ್ದು ಕೇಳಿಯೇ ಕೇಳ್ತಾರೆ ಅಕ್ಕ. ಎಷ್ಟು ಭಾರ ಅಂದ್ರೆ ಸಾಲದು, ಅದು ಎಲ್ಲಿ ಕೂತಿದೆ ಅಂತಲೂ ಹೇಳ್ಬೇಕು."

"ಎಲ್ಲಿ ಕೂತ್ರೆ ಎಂತ? ಹೊರೋದು ಒಂದೇ ವಿಮಾನ ಅಲ್ವಾ?" ಯಮುನ ಮೂತಿ ತಿರುವಿದಳು.

ಮೊಣ್ಣಪ್ಪ ಒನಕೆಯ ನಡುವಿಗೆ ಹಗ್ಗ ಕಟ್ಟಿ ಜಂತಿಯಿಂದ ಅಡ್ಡಲಾಗಿ ತೂಗುಹಾಕಿದ. ನೀರಿನ ತಂಬಿಗೆಯನ್ನು ಹಗ್ಗದ ಪಕ್ಕದಲ್ಲೇ ನೇತುಹಾಕಿದಾಗ ಒನಕೆ ತುಸುವೇ ವಾಲಿತು. ಅದನ್ನೇ ತುದಿಗೆ ಸರಿಸಿದಾಗ ಒನಕೆಯ ಆ ಕಡೆ ಧಡಕ್ಕನೆ ಕುಸಿದು ಈ ಕಡೆ ಮೇಲೆದ್ದಿತು.

"ನೋಡು, ತಂಬಿಗೆ ಅದೇ. ದೂರ ಹೋದಷ್ಟೂ ಅದರ ಎಳೆತ ಜಾಸ್ತಿ. ಅದಕ್ಕೇ ಭಾರವನ್ನ ದೂರದಿಂದ ಗುಣಿಸಿ ಲೆಕ್ಕ ಹಾಕೋದು. ಬಾಲ ಭಾರವಾದ್ರೆ ವಿಮಾನದ ಮೂತಿ ಮೇಲೇಳ್ತದೆ, ರೆಕ್ಕೆಗೆ ಗಾಳಿಯ ಹಿಡಿತ ತಪ್ತದೆ. ಆಮೇಲೆ ನಾನು ಎಂತ ಮಾಡಿದ್ರೂ ಬೀಳೋದೇ."

ಯಮುನ ಬಾಗಿಲಾಚೆ ವಿಮಾನದ ಬಾಲದ ಕಡೆ ನೋಡಿದಳು. ಹೇಳಿಬಿಡಲೇ? ಅಕ್ಕನ ಎದುರಿಗೇ? ಅವಳು ಇದನ್ನು ಊರೆಲ್ಲ ಆಡಿಕೊಂಡು ನಗುವುದಿಲ್ಲವೇ? ಕಾಫಿ ಲೋಟಗಳನ್ನು ಎತ್ತಿಕೊಂಡು ಅಡಿಗೆಮನೆಗೆ ನಡೆದಳು. ಅಷ್ಟರಲ್ಲಿ ಮೊಣ್ಣಪ್ಪ ವಿಮಾನ ಹತ್ತಿ ಕುಳಿತೂ ಆಗಿತ್ತು.

"ಅಣ್ಣಾ, ಇಳಿ!" ಯಮುನ ಸೆರಗು ಜಾರಿದ್ದೂ ಗೊತ್ತಿಲ್ಲದೆ ಓಡಿದಳು. "ಬಾಲದ ಹತ್ರ ನನ್ನ ಕಿತ್ತಳೆ ಉಂಟು. ಅಕ್ಕನ ಮೇಲಿನ ಹೊಟ್ಟೆಕಿಚ್ಚಿಗೆ ಇಟ್ಟುಬಿಟ್ಟೆ!"

ಮೊಣ್ಣಪ್ಪನ ಮುಖ ಬಿಳಿಚಿಕೊಂಡಿತು. ಇಳಿದು ಮೂಟೆ ಹೊರಗೆಳೆದ. "ನಾನೂ ಹತ್ತೋ ಮೊದಲು ಇನ್ನೊಮ್ಮೆ ನೋಡ್ಬೇಕಿತ್ತು" ಅಂದ.

ಶಿವಮ್ಮ ಬೈಯಲಿಲ್ಲ. "ನನ್ನ ಭರಣಿ ಕೊಡು. ಅದರ ಜಾಗದಲ್ಲೇ ಅಷ್ಟೇ ತೂಕದ ಕಿತ್ತಳೆ ಕಟ್ಟಿಕೋ" ಅಂದಳು. ಯಮುನಳಿಗೆ ಅಳು ಬಂತು, ಜೊತೆಗೆ ತುಸು ಹೊಟ್ಟೆಕಿಚ್ಚೂ ಆಯಿತು: ಇದರಲ್ಲೂ ಅಕ್ಕನೇ ದೊಡ್ಡವಳಾದಳಲ್ಲ! ಇರಲಿ, ವಿಮಾನ ನೆಟ್ಟಗೆ ಮೇಲೇರಿತು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ದೋಣಿಯಿರಲಿ, ಗಾಡಿಯಿರಲಿ, ವಿಮಾನವಿರಲಿ, ನಡೆಸುವವರಿಗೆ ಹೇಳದೆ ಒಂದು ಗಂಟನ್ನೂ ಇಡಬೇಡಿ. ಎಷ್ಟು ಭಾರ ಎಂದು ಹೇಳಿ, ಎಲ್ಲಿಟ್ಟಿರಿ ಎಂದು ತೋರಿಸಿ. ನಡೆಸುವವರೇ, ಹತ್ತುವ ಮುಂಚೆ ಮತ್ತೊಮ್ಮೆ ತೆರೆದು ನೋಡಿ. ಇಡಬಾರದ್ದನ್ನು ಇಟ್ಟುಬಿಟ್ಟಿದ್ದರೆ ನಾಚಿ ಸುಮ್ಮನಿರಬೇಡಿ, ಯಾರ ಎದುರಾದರೂ ಸರಿ, ಕೂಗಿ ಹೇಳಿ. ನಾಲ್ಕು ಜನ ನಕ್ಕರೆ ನಗಲಿ, ನಿಮ್ಮ ಅಣ್ಣ ಮನೆ ಸೇರುತ್ತಾನೆ.